ನಮ್ಮಲ್ಲಿ ಭೇದವಿಲ್ಲ!



ಡಿಸೆಂಬರ್ ಬಂತೆಂದರೆ ನಮ್ಮ ಅಂಧೇರಿಗೆ ಬೇರೆಯೇ ಕಳೆ. ಮರೋಲ್, ಅಂಬೋಲಿಗಳ ಹಳೆಯ ಗಾವಠಾಣ್‌ಗಳಲ್ಲಿ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ರಸ್ತೆಯ ಮೂಲೆಯ ಶಿಲುಬೆಗಳಿಗೆ ಚೆಂಡುಹೂವಿನ ಮಾಲೆ ಬೀಳುತ್ತದೆ. ನಮ್ಮ ಕಟ್ಟಡದ ಮೂರನೆಯ ಮಹಡಿಯಿಂದ ಬಾಯಮ್ಮ ನಮ್ಮ ಮನೆಗೆ ಕುಸ್ವಾರದ ತಟ್ಟೆ ಕಳಿಸುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ... ಚೌತಿಯ ದಿನ ನಾನು ಕಳಿಸಿದ ಕಡುಬಿನ ತಟ್ಟೆಗೆ ಅದು ಮರುತಟ್ಟೆ! ಇಪ್ಪತ್ತು ವರ್ಷಗಳಿಂದ ಇದು ತಪ್ಪಿಲ್ಲ.

'ಬಾಯಮ್ಮ' ಎಂದರೇನೆಂದು ದಕ್ಷಿಣ ಕನ್ನಡದವರಿಗೆ ಬೇರೆ ಹೇಳಬೇಕಿಲ್ಲ. ನಮ್ಮೂರಲ್ಲಿ ಕ್ರೈಸ್ತರ ಮನೆಯ ಹೆಂಗಸರನ್ನು ಗೌರವದಿಂದ ಕರೆಯುವ ಹೆಸರದು. ಮುಂಬಯಿಯಲ್ಲಿ ಮಾತ್ರ 'ಬಾಯಿ' ಎಂದರೆ ಮನೆಗೆಲಸದವಳು. ಈ ತಿಂಗಳ ನನ್ನ ಹರಟೆ ಇಂಥ ಇಬ್ಬರ ಬಗ್ಗೆ. ಒಬ್ಬರು ಮಂಗಳೂರಿನ ಬಾಯಮ್ಮ. ಇನ್ನೊಬ್ಬಳು ಬೀದರ್ ಜಿಲ್ಲೆಯ ಹಳ್ಳಿಯಿಂದ ಬಂದು ಐದು ವರ್ಷಗಳಿಂದ ನಮ್ಮಲ್ಲಿ ಪಾತ್ರೆ, ಕಸ ಮಾಡುವ ಬಾಯಿ.

ಹೋದ ವರ್ಷ ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ಅವಳು, "ಅಕ್ಕಾರ, ಇಪ್ಪತ್ತೈದಕ್ಕ ನಾ ಬರಲ್ರಿ, ನಮ್ಮ ಹಬ್ಬ ಅದರಿ" ಎಂದಳು. ನನಗೆ ಆಶ್ಚರ್ಯ! ಹಣೆಯಲ್ಲಿ ಕುಂಕುಮವಿಲ್ಲದ್ದನ್ನು ಕಂಡಿದ್ದರೂ ನಾನು ಕೇಳಿರಲಿಲ್ಲ. ಅವಳ ಅಜ್ಜನ ಕಾಲದಲ್ಲೇ ಕೇರಿಗೆ ಕೇರಿಯೇ ಮೆಥೊಡಿಸ್ಟ್ ಸಭೆಗೆ ಸೇರಿತ್ತಂತೆ. ಕುಸ್ವಾರದ ತಟ್ಟೆ ಹಿಂತಿರುಗಿಸಲು ಹೋದವಳು ಈ ಸುದ್ದಿಯನ್ನು ಸಂಭ್ರಮದಿಂದಲೇ ಬಾಯಮ್ಮನಿಗೆ ಹೇಳಿದೆ. ಅವರ ಬಾಯಿಂದ ಮೊದಲು ಬಂದ ಮಾತು: "ಹೌದಾ? ಯಾವ ಜಾತಿಯಿಂದ ಬಂದವರಂತೆ?"

ತಕ್ಷಣ ನಾಲಿಗೆ ಕಚ್ಚಿಕೊಂಡರು. "ಬಾಯಿ ತಪ್ಪಿ ಬಂತು ಮಾರಾಯ್ರೆ. ನಮ್ಮಲ್ಲಿ ಅಂಥ ಭೇದ ಇಲ್ಲ" ಎಂದು ನಕ್ಕರು. ನಾನೂ ನಕ್ಕೆ. ಆದರೆ ಇಬ್ಬರಿಗೂ ಗೊತ್ತಿತ್ತು, ಆ ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲವೆಂದು.

ಹದಿನಾರನೆಯ ಶತಮಾನದಲ್ಲಿ ಗೋವೆಯಲ್ಲಿ ಮತಾಂತರವಾದವರ ಸಂತತಿ ನಮ್ಮ ಕರಾವಳಿಗೆ ಬಂದು ನೆಲೆಸಿದಾಗ ತನ್ನ ಬಾಮಣ್, ಚಾರೊಡಿ, ಶುದ್ರ್ ಎಂಬ ಪಂಗಡಗಳನ್ನೂ ಹೊತ್ತು ತಂದಿತು. ಪೂಜೆಯಲ್ಲಿ ಒಟ್ಟಿಗೆ ಮೊಣಕಾಲೂರಿದವರು ಮದುವೆಯ ಮಾತು ಬಂದಾಗ ಬೇರೆ ಬೇರೆ. ಬಾಯಮ್ಮನೇ ಒಮ್ಮೆ ಮಗಳ ಸಂಬಂಧದ ಸಮಯದಲ್ಲಿ "ಒಳ್ಳೆಯ ಹುಡುಗ, ಆದರೆ..." ಎಂದು ಆ 'ಆದರೆ'ಯಲ್ಲೇ ಮಾತು ನಿಲ್ಲಿಸಿದ್ದು ನನಗೆ ನೆನಪಿದೆ. ತಮಿಳುನಾಡಿನ ವಡಕ್ಕನ್‌ಕುಳಂನಲ್ಲಂತೂ 1872ರಲ್ಲಿ ಕಟ್ಟಿದ ಇಗರ್ಜಿಗೆ ಎರಡು ತೋಳುಗಳು. ಮೇಲುಜಾತಿಯವರು ಒಂದರಲ್ಲಿ, ಉಳಿದವರು ಇನ್ನೊಂದರಲ್ಲಿ, ಪಾದ್ರಿಗಳು ನಡುವೆ! ಜನ ಅದನ್ನು 'ಪ್ಯಾಂಟು ಇಗರ್ಜಿ' ಎಂದು ಕರೆದರಂತೆ.

ಹಾಗೆಂದು ನಾವು ಒಳಗೊಳಗೇ ಖುಷಿಪಡಬೇಕಿಲ್ಲ. ಅವರು ಆ ಗೋಡೆಯ ಕಲ್ಲನ್ನು ಎಲ್ಲಿಂದ ತಂದರು? ನಮ್ಮ ಅಂಗಳದಿಂದಲೇ ಅಲ್ಲವೇ? ಇನ್ನೊಂದು ಮುಖವನ್ನೂ ನೋಡಬೇಕು. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಹೋದ ಒಬ್ಬ ಮಹಾರ ಹುಡುಗನಿಗೆ ಪ್ರವೇಶ ಸಿಗಲಿಲ್ಲ. ಮುಂಬಯಿ ಸರಕಾರವೂ ಮೇಲುಜಾತಿಯವರ ವಿರೋಧಕ್ಕೆ ತಲೆಬಾಗಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮಾತ್ರ ತಮ್ಮ ಸಭೆಗೆ ಸೇರುವವರು ಜಾತಿಯನ್ನು ಹೊಸಿಲಾಚೆ ಬಿಟ್ಟು ಬರಬೇಕೆಂದು ಹಟ ಹಿಡಿದರು. ಜಾತಿ ಬಿಟ್ಟವರಿಗೆ ಕಸುಬೂ ತಪ್ಪಿತು. ಅವರ ಹೊಟ್ಟೆಪಾಡಿಗಾಗಿ ನೇಯ್ಗೆ, ಮುದ್ರಣ, 1865ರಿಂದ ಹಂಚಿನ ಕಾರ್ಖಾನೆ ಎಲ್ಲ ಬೆಳೆದವು. ನನ್ನ ತವರುಮನೆಯ ಮಾಡಿನ ಹಂಚಿಗೂ ಈ ಕಥೆಗೂ ನಂಟಿದೆಯೆಂದು ನನಗೆ ಬಹಳ ತಡವಾಗಿ ತಿಳಿಯಿತು.

ಇನ್ನು ನಮ್ಮ ಬೀದರದ ಬಾಯಿಯ ವಿಷಯ. ಕಳೆದ ಜೂನ್‌ನಲ್ಲಿ ಒಂದು ದಿನ ತಡವಾಗಿ ಏದುಸಿರು ಬಿಡುತ್ತಾ ಬಂದವಳು ಪೊರಕೆ ಹಿಡಿಯದೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಊರಿನಲ್ಲಿ ಅಜ್ಜಿಯ ಬಳಿ ಇರುವ ಮಗ ಪಿಯುಸಿಯಲ್ಲಿ ಚೆನ್ನಾಗಿ ಪಾಸಾಗಿದ್ದ. ಕಾಲೇಜು ಸೇರಲು, ವಿದ್ಯಾರ್ಥಿವೇತನ ಪಡೆಯಲು ಜಾತಿ ಪ್ರಮಾಣಪತ್ರ ಬೇಕಿತ್ತು. ಶಾಲೆಯ ದಾಖಲೆಯಲ್ಲಿ ಅವನಿಗೆ ಒಂದು ಹೆಸರು, ಸಭೆಯಲ್ಲಿ ಇನ್ನೊಂದು. ಕಛೇರಿಯವರು, "ಏಸುವಿನ ಗುಡಿಗೆ ಹೋಗುವವರಿಗೆ ಪರಿಶಿಷ್ಟ ಜಾತಿಯ ಪತ್ರ ಸಿಗುವುದಿಲ್ಲ" ಎಂದರಂತೆ.

"ಖರೆ ಹೇಳಿದ್ರ ಮಗನ ಸೀಟು ಹೋಗ್ತದರಿ. ಸುಳ್ಳು ಬರೆಸಿದ್ರ ದೇವ್ರ ಮುಂದ ಮೊಣಕಾಲೂರಲಿಕ್ಕ ನಾಚಿಕಿ ಬರ್ತದರಿ. ದೇವ್ರು ಬದಲಾದ್ನರಿ ಅಕ್ಕಾರ, ಕೇರಿ ಬದಲಾಗ್ಲಿಲ್ಲ. ಬಾವಿ ಕಟ್ಟಿಮ್ಯಾಲ ನಮ್ಮ ಕೊಡ ಇಡಬ್ಯಾಡ ಅಂದವ್ರು ನೀವು ಯಾವ ಗುಡಿಗೆ ಹೋಗ್ತೀರಿ ಅಂತ ಯಾವತ್ತೂ ಕೇಳಿಲ್ರಿ."

ನಾನು ಇಂಗ್ಲಿಷ್ ಬಿ.ಎ. ಓದಿದವಳು. ಆದರೂ ಅವಳ ಈ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಛೇರಿಯವರು ಹೇಳಿದ್ದು ಕಾನೂನಿನ ಮಾತೇ. 1950ರ ರಾಷ್ಟ್ರಪತಿಗಳ ಆದೇಶದಂತೆ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸುವಂತಿರಲಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗುಳಿದರು. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರ ಪ್ರಕರಣ ಇದಕ್ಕೆ ಸಾಕ್ಷಿ. ಅದೇ ಕಸುಬಿನ ಹಿಂದೂಗಳಿಗೆ ಸರಕಾರ ಉಚಿತವಾಗಿ ಗೂಡಂಗಡಿ ಕೊಟ್ಟಿತು. ಸೂಸೈ ಕ್ರೈಸ್ತರಾಗಿದ್ದರಿಂದ ಅವರಿಗೆ ಸಿಗಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 1985ರ ತೀರ್ಪಿನಲ್ಲಿ ನ್ಯಾಯಾಲಯ ಕೇಳಿದ್ದಿಷ್ಟು: ಹಿಂದಿನ ಜಾತಿಯ ಕಷ್ಟಗಳು ಹೊಸ ಧರ್ಮದಲ್ಲೂ ಅಷ್ಟೇ ತೀವ್ರವಾಗಿ ಮುಂದುವರಿದಿವೆ ಎನ್ನುವುದಕ್ಕೆ ಆಧಾರವೆಲ್ಲಿ?

ಗಂಟು ಇರುವುದು ಇಲ್ಲಿಯೇ, ಓದುಗರೇ. ಬಡವನಿಗೆ ಸೌಲಭ್ಯ ಸಿಗಬೇಕಾದರೆ, "ನಮ್ಮ ಸಭೆಯಲ್ಲಿ ಜಾತಿಭೇದ ಇದೆ" ಎಂದು ಸಭೆಯೇ ಒಪ್ಪಿಕೊಳ್ಳಬೇಕು. "ನಮ್ಮಲ್ಲಿ ಭೇದವಿಲ್ಲ" ಎಂದು ಎದೆ ತಟ್ಟಿ ಹೇಳಿದಷ್ಟೂ ಆ ಬಡವನ ಕೈ ಬರಿದಾಗುತ್ತದೆ. ಕೇಳಲು ಎಷ್ಟು ಚೆಂದದ ಮಾತು! ಆದರೆ ಆ ಮಾತೇ ಒಬ್ಬ ಹುಡುಗನ ಸೀಟಿಗೆ ಅಡ್ಡ ನಿಲ್ಲುತ್ತದೆ.

ನಿಧಾನವಾಗಿಯಾದರೂ ಒಪ್ಪಿಕೊಳ್ಳುವ ಧೈರ್ಯ ಅವರಲ್ಲಿ ಬಂದಿದೆ. 2003ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ತಮಿಳುನಾಡಿನ ಬಿಷಪರಿಗೆ ಜಾತಿಯ ಛಾಯೆಯೂ ಸಭೆಯಲ್ಲಿ ಉಳಿಯಬಾರದೆಂದು ಎಚ್ಚರಿಸಿದರು. 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರು ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ತಮ್ಮೊಳಗಿನ ಅಸ್ಪೃಶ್ಯತೆಯನ್ನು ತಾವೇ ಒಪ್ಪಿಕೊಂಡರು. 2022ರಲ್ಲಿ ಹೈದರಾಬಾದಿನ ಆರ್ಚ್‌ಬಿಷಪ್ ಆಂಥೊನಿ ಪೂಲಾ ಅವರು ಕಾರ್ಡಿನಲ್ ಆದ ಮೊದಲ ದಲಿತರೆನಿಸಿದರು. ಇತ್ತ 2007ರಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರ ಆಯೋಗವು ಪರಿಶಿಷ್ಟ ಜಾತಿಯ ಸ್ಥಾನಮಾನಕ್ಕೆ ಧರ್ಮದ ಗಂಟು ಹಾಕಬಾರದೆಂದು ಶಿಫಾರಸು ಮಾಡಿತು. 2022ರಲ್ಲಿ ಇದೇ ಪ್ರಶ್ನೆಯ ಪರಿಶೀಲನೆಗೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಕೇಂದ್ರ ಸರಕಾರ ನೇಮಿಸಿತು. ಇರುವ ಪಾಲನ್ನೇ ಇನ್ನಷ್ಟು ಜನ ಹಂಚಿಕೊಳ್ಳಬೇಕಾದೀತು ಎಂಬ ಅಂಜಿಕೆ ಹಿಂದೂ ದಲಿತರಲ್ಲಿದೆ. ಅದನ್ನೂ ತಳ್ಳಿಹಾಕುವಂತಿಲ್ಲ.

ಧರ್ಮಗ್ರಂಥದಲ್ಲೇನೋ ಕೊರತೆಯಿಲ್ಲ. ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಕುಲ, ದಾಸ್ಯ, ಹೆಣ್ಣು-ಗಂಡು ಯಾವ ಭೇದವೂ ವಿಶ್ವಾಸಿಗಳ ನಡುವೆ ಇಲ್ಲವೆಂದು ಸಾರಿದ್ದಾನೆ. ಆದರೂ ಅದೇ ಗ್ರಂಥವನ್ನು ಕೈಯಲ್ಲಿ ಹಿಡಿದೇ ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡರು, ದಕ್ಷಿಣ ಆಫ್ರಿಕದಲ್ಲಿ ವರ್ಣಭೇದವನ್ನು ಸಮರ್ಥಿಸಿದರು. ಅದೇ ಗ್ರಂಥವನ್ನು ಹಿಡಿದು ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದನ್ನೆಲ್ಲ ಎದುರಿಸಿದರು. ನಮ್ಮಲ್ಲೂ ಅಷ್ಟೇ. ಬಸವಣ್ಣನ ಹೆಸರು ಹೇಳುತ್ತಲೇ ಒಳಪಂಗಡ ಕೇಳುವವರಿಲ್ಲವೇ? ಗ್ರಂಥ ಸಮಾನತೆ ಹೇಳಿದರೆ ಸಾಲದು, ಮನೆಯ ಹೊಸಿಲೂ ಹೇಳಬೇಕು.

ಹೊಸಿಲಿನ ಮಾತು ಬಂತಲ್ಲ, ಈಗ ನನ್ನದೇ ಕಥೆ ಕೇಳಿ. ಆ ದಿನ ಅವಳು ಏದುಸಿರು ಬಿಡುತ್ತಿದ್ದುದು ದುಃಖದಿಂದ ಎಂದುಕೊಂಡಿದ್ದೆ. ನೀರು ಕುಡಿದ ಮೇಲೆ, "ಲಿಫ್ಟ್ ಬಂದ್ ಅದರಿ, ಆರು ಮಾಳಿಗಿ ಹತ್ತಿ ಬಂದೆ" ಎಂದಳು. "ಇಲ್ಲವಲ್ಲ, ಈಗಷ್ಟೇ ನಾನು ಬಂದೆನಲ್ಲ?" ಎಂದೆ. "ನಿಮ್ಮದು ಚಾಲೂ ಅದರಿ. ನಮ್ಮದು ಬಂದ್ ಅದ."

ನಮ್ಮ ಕಟ್ಟಡದಲ್ಲಿ ಎರಡು ಲಿಫ್ಟ್‌ಗಳು. ಮನೆಗೆಲಸದವರು ಎರಡನೆಯದನ್ನೇ ಬಳಸಬೇಕೆಂದು ಬೋರ್ಡು ಹಾಕಿ ನಾಲ್ಕು ವರ್ಷವಾಯಿತು. ಸೊಸೈಟಿಯ ಸಭೆಯಲ್ಲಿ ಅದಕ್ಕೆ ಕೈಯೆತ್ತಿದವರಲ್ಲಿ ನಾನಿದ್ದೆ, ನನ್ನ ಪಕ್ಕದಲ್ಲಿ ಬಾಯಮ್ಮನೂ ಇದ್ದರು. ಯಾರೂ ಜಾತಿಯ ಮಾತೆತ್ತಿರಲಿಲ್ಲ. 'ಸ್ವಚ್ಛತೆ' ಎಂದಿದ್ದರು, 'ಶಿಸ್ತು' ಎಂದಿದ್ದರು. ನಮ್ಮಲ್ಲಿ ಭೇದವಿಲ್ಲವಲ್ಲ!

ಆ ಸಂಜೆ ಬಾಯಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಕ್ರಿಸ್‌ಮಸ್‌ಗೆ ಅವಳಿಗೂ ಕುಸ್ವಾರ್ ಕೊಡೋಣ ಅಂತ ಎಣಿಸಿದ್ದೆ. ಅದಕ್ಕಿಂತ ಮೊದಲು ಈ ಕೆಲಸ ಆಗಬೇಕಲ್ಲ ಮಾರಾಯ್ರೆ" ಎಂದು ಕಾಗದ, ಪೆನ್ನು ತಂದರು. ಬೋರ್ಡು ತೆಗೆಯಿರೆಂದು ಇಬ್ಬರೂ ಸಹಿ ಹಾಕಿ ಸೊಸೈಟಿಗೆ ಕೊಟ್ಟೆವು. "ಮುಂದಿನ ಸಭೆಯಲ್ಲಿ ನೋಡೋಣ" ಎಂಬ ಉತ್ತರ ಬಂದಿದೆ. ಬೋರ್ಡು ಇನ್ನೂ ಇಳಿದಿಲ್ಲ.

ಈಗ ಅವಳು ಬರುವ ಹೊತ್ತಿಗೆ ನಾನು ಹಾಲಿನ ನೆಪ ಮಾಡಿ ಕೆಳಗಿಳಿಯುತ್ತೇನೆ. ಇಬ್ಬರೂ ಮೊದಲನೆಯ ಲಿಫ್ಟಿನಲ್ಲೇ ಮೇಲೆ ಬರುತ್ತೇವೆ. ಮೊದಲ ದಿನ ಅವಳು ಮೂಲೆಗೆ ಒತ್ತಿಕೊಂಡು ನಿಂತಿದ್ದಳು. "ಬ್ಯಾಡ್ರಿ ಅಕ್ಕಾರ, ಯಾರರ ಏನರ ಅಂದಾರು" ಎಂದಳು. ಈಗೀಗ ತಾನೇ ಗುಂಡಿ ಒತ್ತುತ್ತಾಳೆ.

ಅವಳ ಮಗ? "ಎರಡು ಹೆಸರಿಟ್ಟುಕೊಂಡು ನಾ ಬದುಕಲ್ಲ" ಎಂದು ಆ ಪತ್ರದ ಆಸೆಯನ್ನೇ ಬಿಟ್ಟು ಕಾಲೇಜು ಸೇರಿದ್ದಾನೆ. ಫೀಸು ಕಟ್ಟಲು ಇವಳು ಇನ್ನೂ ಎರಡು ಮನೆ ಹಿಡಿದಿದ್ದಾಳೆ. ಆಯೋಗಗಳೂ ನ್ಯಾಯಾಲಯಗಳೂ ಅವನ ಪ್ರಶ್ನೆಗೆ ಉತ್ತರ ಹುಡುಕುವುದು ನಮ್ಮ ಕೈಯಲ್ಲಿಲ್ಲ. ಬೋರ್ಡು ನಮ್ಮ ಕೈಯಲ್ಲಿದೆ.

ನಿಮ್ಮ ಕಟ್ಟಡದ ಲಿಫ್ಟಿನ ಪಕ್ಕದಲ್ಲೂ ಇಂಥದೊಂದು ಬೋರ್ಡು ಇದೆಯೇ? ಇಂದು ಹಾಲಿಗೆ ಕೆಳಗಿಳಿದಾಗ ಒಮ್ಮೆ ನೋಡಿ. ನೋಡಿದ್ದನ್ನು ನನಗೂ ಬರೆದು ತಿಳಿಸಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.