ಮುಳ್ಳು ನೋಡಿ ಶ್ರುತಿ ಹಿಡಿಯುವವರು

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಈಗ ಜಾತ್ರೆಯೆಂದರೆ ರಸಮಂಜರಿ. ರಸಮಂಜರಿಯೆಂದರೆ ಕೀಬೋರ್ಡು, ಪ್ಯಾಡು, ಅವುಗಳ ಹಿಂದೆ ಒಂದು ಬಾಸ್ ಗಿಟಾರು. ನಮ್ಮ ಕಾಲೇಜಿನ ಹುಡುಗರು ಈ ವಾದ್ಯಕ್ಕೆ ಮನಸೋತಿದ್ದಾರೆ. ಪರದೇಶದ್ದೆಂದು ಮೂಗು ಮುರಿಯುವವರ ಸಾಲಿನಲ್ಲಿ ನಾನಿಲ್ಲ. ಹಾರ್ಮೋನಿಯಂ ಕೂಡ ಹೊರಗಿನಿಂದಲೇ ಬಂದಿತು. ಆಕಾಶವಾಣಿಯು 1940ರಿಂದ 1971ರವರೆಗೆ ಅದಕ್ಕೆ ಬಾಗಿಲು ಮುಚ್ಚಿದ್ದರೂ, ಕುಲಗೋಡ ತಮ್ಮಣ್ಣನು ಬೆಳೆಸಿದ ಶ್ರೀಕೃಷ್ಣ ಪಾರಿಜಾತದ ರಂಗದಿಂದ ಅದನ್ನು ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ನನ್ನ ತಕರಾರು ಕಲಿಸುವ ಬಗೆಯನ್ನು ಕುರಿತದ್ದು. ಹೊಸಬನಿಗೆ ಮೊದಲ ದಿನ ಹೇಳಿಕೊಡುವುದೇನು? ವಾದ್ಯದ ತಲೆಗೆ ಟ್ಯೂನರನ್ನು ಕಚ್ಚಿಸು, ಇಲ್ಲವೆ ಮೊಬೈಲನ್ನು ಮುಂದಿಡು, ಮುಳ್ಳು ನಡುವೆ ನಿಂತು ಹಸಿರು ಬೆಳಗುವವರೆಗೆ ಬಿರಡೆ ತಿರುವು. ಮುಗಿಯಿತು! ಸಂತೆಯಲ್ಲಿ ಮೆಣಸಿನಕಾಯಿ ತೂಗುವುದಕ್ಕೂ ಇದಕ್ಕೂ ವ್ಯತ್ಯಾಸವೇನು?

ಬಾಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ: ಇ, ಎ, ಡಿ, ಜಿ. ದಪ್ಪ ತಂತಿಯನ್ನು ಷಡ್ಜವೆಂದುಕೊಂಡರೆ ಮುಂದಿನದು ಅದರ ಶುದ್ಧ ಮಧ್ಯಮ. ಅದನ್ನೇ ಷಡ್ಜವೆಂದರೆ ಅದರಾಚೆಯದು ಮತ್ತೆ ಮಧ್ಯಮ. ಭಜನೆಯಲ್ಲಿ ಕುಳಿತು ಬೆಳೆದ ಹುಡುಗನಿಗೆ ಅರ್ಧ ವಿದ್ಯೆ ಬಂದೇ ಇದೆ. ಅವನು ಕೀಬೋರ್ಡಿನಿಂದ ಎ ಸ್ವರವನ್ನು ಪಡೆದು ಆ ತಂತಿಯನ್ನು ಕೂಡಿಸಲಿ. ಸೆಕೆಂಡಿಗೆ 55 ಕಂಪನಗಳ ಈ ಕೆಳಸ್ವರ ಎಳೆಯ ಕಿವಿಗೆ ಸುಲಭವಾಗಿ ಸಿಗದು. ಹನ್ನೆರಡನೆಯ ಮೆಟ್ಟಿನ ಮೇಲೆ ಬೆರಳನ್ನು ಒತ್ತದೆ ಬರಿದೆ ತಾಕಿಸಿ ಮೀಟಿದರೆ ಒಂದು ಸಪ್ತಕ ಮೇಲೆ ಸ್ಪಷ್ಟವಾಗಿ ಕೇಳುತ್ತದೆ. ಅನಂತರ ದಪ್ಪ ತಂತಿಯನ್ನು ಐದನೆಯ ಮೆಟ್ಟಿನಲ್ಲಿ ಒತ್ತಿ, ಅದನ್ನೂ ಬರಿಯ ಎ ತಂತಿಯನ್ನೂ ಒಟ್ಟಿಗೆ ಮೀಟಲಿ. ಎರಡೂ ಒಂದೇ ಸ್ವರವಾಗಬೇಕು. ಕೂಡದಿದ್ದರೆ ನಾದ ತೊಟ್ಟಿಲಿನಂತೆ ತೂಗುತ್ತದೆ. ಎರಡು ಕಂಪನಗಳ ಅಂತರಕ್ಕೆ ಸೆಕೆಂಡಿಗೆ ಎರಡು ತೂಗು. ದಪ್ಪ ತಂತಿಯ ಬಿರಡೆಯನ್ನು ತಿರುವಿದಂತೆ ತೂಗು ನಿಧಾನವಾಗಿ, ಕಡೆಗೆ ನಿಲ್ಲುತ್ತದೆ. ಸ್ವರ ಮೀರಿ ಏರಿದರೆ ತಂತಿಯನ್ನು ಸಡಿಲಿಸಿ ಮತ್ತೆ ಕೆಳಗಿನಿಂದಲೇ ಏರಿಸಬೇಕು. ಮುಂದಿನ ಎರಡು ತಂತಿಗಳಿಗೂ ಇದೇ ಕ್ರಮ. ಆ ತೂಗು ನಿಂತ ಕ್ಷಣವನ್ನು ಒಮ್ಮೆ ಕೇಳಿದವನು ಅದನ್ನು ಮರೆಯಲಾರ. ಹಸಿರು ದೀಪ ಈ ಸುಖವನ್ನೇ ಅವನಿಂದ ಕಸಿಯುತ್ತದೆ.

ಗದ್ದಲದ ವೇದಿಕೆಯಲ್ಲಿ ಇದೆಲ್ಲ ಸಾಧ್ಯವೇ ಎಂದು ಕೇಳುವವರಿದ್ದಾರೆ. ಅಲ್ಲಿ ಟ್ಯೂನರ್ ಇರಲಿ, ಬೇಡವೆನ್ನುವುದಿಲ್ಲ. ಆದರೆ ರಾತ್ರಿ ತಂಪೇರಿದಂತೆ ಉಕ್ಕಿನ ತಂತಿ ಬಿಗಿದು ಸ್ವರ ಏರುತ್ತದೆ. ಹಾಡಿನ ನಡುವೆ ಮುಳ್ಳು ನೋಡುವವರಾರು? ಕಿವಿ ಬೆಳೆಯದವನಿಗೆ ಏರಿದ್ದೇ ತಿಳಿಯದು. ತಳದ ಸ್ವರ ಸರಿದರೆ ಮೇಲಿನವರೆಲ್ಲ ತಪ್ಪಿದಂತೆ ಕೇಳುತ್ತಾರೆ. ಕೂಗಿಸಿಕೊಳ್ಳುವವನು ಪಾಪ, ಗಾಯಕ.

ಇಂಥ ಕಿವಿಗಾಗಿ ನಾವು ದೂರ ಹೋಗಬೇಕಾಗಿಲ್ಲ. ನೆರೆಯ ಮಿರಜದಲ್ಲಿ, ಒಂದು ಕಾಲಕ್ಕೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ತಂಬೂರಿ ಕಟ್ಟುತ್ತಾರೆ; ಅಲ್ಲಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಕುದುರೆಯ ಮೇಲೆ, ತಂತಿಯ ಕೆಳಗಿನ ದಾರದ ಎಳೆಯನ್ನು ಕೂದಲಷ್ಟು ಸರಿಸಿ ನಾದ ಅರಳುವ ಜಾಗವನ್ನು ಹುಡುಕುವುದು ಯಾವ ಮುಳ್ಳಿನ ಸಹಾಯದಿಂದ? ಅಷ್ಟು ದೂರವೂ ಬೇಡ. ನಮ್ಮ ಹಳ್ಳಿಗಳ ಭಜನಾ ಮೇಳದಲ್ಲಿ ಏಕತಾರಿ ಹಿಡಿದ ಅಜ್ಜ ಮಾತಾಡುತ್ತಲೇ ಶ್ರುತಿ ಮಾಡುತ್ತಾನೆ. ಆದರೆ ಅವನನ್ನು ಕಾಲೇಜಿನೊಳಗೆ ಕರೆಯಲು ನಮಗೆ ನಾಚಿಕೆ. ಅವನಿಗೆ ಸರ್ಟಿಫಿಕೇಟು ಇಲ್ಲ, ಹೆಗಲ ಮೇಲೆ ಟವೆಲ್ಲಿದೆ! ಸ್ನೇಹ ಸಮ್ಮೇಳನದ ಸ್ಪೀಕರುಗಳಿಗೆ ಸಾವಿರಾರು ರೂಪಾಯಿ ಸುರಿಯುವ ಸಮಿತಿಗಳು ಅಜ್ಜನ ಬಸ್ ಚಾರ್ಜಿಗೆ ಮಂಜೂರಾತಿ ಕೇಳುತ್ತವೆ.

ಈ ವರ್ಷದ ಸಮ್ಮೇಳನದ ತಾಲೀಮು ಸುರುವಾಗುವ ಮೊದಲು ಅಂಥ ಒಬ್ಬರನ್ನು ಗೌರವದಿಂದ ಕರೆಸಿ, ಸಂಭಾವನೆ ಕೊಟ್ಟು, ಒಂದು ತಿಂಗಳ ಮಟ್ಟಿಗೆ ಹೊಸಬರ ಟ್ಯೂನರುಗಳನ್ನೆಲ್ಲ ಅವರ ವಶಕ್ಕೆ ಕೊಡಲಿ. ಬೀಗದ ಕೈಯೂ ಅವರಲ್ಲೇ ಇರಲಿ.