ಎಲ್ಲವೂ ಮೊದಲಾದರೆ ಮೊದಲಾವುದು?

ವ್ಯಾಪಾರದ ಮನೆಗಳೂ ಸರ್ಕಾರದ ಕಚೇರಿಗಳೂ ಇಂದು ತಮ್ಮ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿವೆ. ಇದು ಕಾಲಧರ್ಮ, ನಾವು ಇದನ್ನು ಆಕ್ಷೇಪಿಸುವವರಲ್ಲ. ಆದರೆ ತಂತ್ರಾಂಶವನ್ನು ಮಾಡಿಸುವವರು ಬರೆದುಕೊಡುವ ಬೇಡಿಕೆಯ ಪಟ್ಟಿಗಳನ್ನು ಕಂಡಾಗ ಒಂದು ಮಾತನ್ನು ಹೇಳದೆ ಇರಲಾರೆವು. ಪಟ್ಟಿಯಲ್ಲಿ ನೂರು ಅಂಶಗಳಿದ್ದರೆ ನೂರರ ಮುಂದೆಯೂ ‘ಅತ್ಯಗತ್ಯ’ವೆಂದೇ ಬರೆದಿರುವುದುಂಟು. ಎಲ್ಲವೂ ಅತ್ಯಗತ್ಯವಾದ ಮೇಲೆ ಮೊದಲು ಯಾವುದೆಂದು ನಿರ್ಣಯಿಸುವವರು ಯಾರು? ಯಜಮಾನನು ನಿರ್ಣಯಿಸದಿದ್ದರೆ ತಂತ್ರಾಂಶ ಬರೆಯುವ ತರುಣನು ತನಗೆ ಸುಲಭವಾದುದನ್ನು ಮೊದಲು ಮಾಡುವನು. ಕಠಿಣವಾದುದು ಗಡುವಿನ ಹಿಂದಿನ ರಾತ್ರಿಗೆ ಉಳಿಯುವುದು.

ಈ ರೋಗದ ಮೂಲವು ಅಜ್ಞಾನವಲ್ಲ, ಭಯ. ಪಂಕ್ತಿಯ ಕೊನೆಯಲ್ಲಿ ಕುಳಿತವನಿಗೆ ಅನ್ನ ಬಾರದೆಂಬ ಶಂಕೆಯಿಂದ ಪ್ರತಿಯೊಂದು ಶಾಖೆಯವರೂ ಮುಂದಿನ ಎಲೆಗೇ ನುಗ್ಗುತ್ತಾರೆ. ಎರಡನೆಯ ಸರದಿ ಖಂಡಿತವಾಗಿ ಬರುವುದೆಂಬ ನಂಬಿಕೆಯಿಲ್ಲದ ಕಡೆ ಆದ್ಯತೆಯೆಂಬ ಮಾತಿಗೆ ಅರ್ಥವಿಲ್ಲ.

ಇದಕ್ಕೆ ಔಷಧವಿಲ್ಲವೆಂದಲ್ಲ. 1994ರಲ್ಲಿ ಒರಾಕಲ್ ಸಂಸ್ಥೆಯಲ್ಲಿದ್ದ ಡಾಯ್ ಕ್ಲೆಗ್ ಎಂಬವರು ‘ಮಾಸ್ಕೋ’ ಎಂದು ಹೆಸರಾದ ಒಂದು ಕ್ರಮವನ್ನು ರೂಪಿಸಿದರು. ಆಗಲೇಬೇಕಾದುದು, ಆಗಬೇಕಾದುದು, ಆದರೆ ಒಳ್ಳೆಯದು, ಈ ಸಾರಿ ಬೇಡ – ಹೀಗೆ ನಾಲ್ಕು ವರ್ಗ. ಇದನ್ನು ಅನುಸರಿಸುವ ಡಿ.ಎಸ್.ಡಿ.ಎಂ. ಪದ್ಧತಿಯವರು ಒಟ್ಟು ಶ್ರಮದಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಪಾಲನ್ನು ಮೊದಲ ವರ್ಗಕ್ಕೆ ಕೊಡಬಾರದೆನ್ನುತ್ತಾರೆ. ಅಡಚಣೆ ಬಂದಾಗ ಬಿಟ್ಟುಕೊಡಲು ಏನಾದರೂ ಇರಬೇಕಷ್ಟೆ! ನಾಲ್ಕನೆಯ ವರ್ಗವೇ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ನಮ್ಮ ಮತ. ಬೇಡವೆಂಬುದನ್ನು ಬರೆದಿಡುವ ಧೈರ್ಯವುಳ್ಳವನೇ ಬೇಕೆಂಬುದನ್ನು ಪಡೆಯುವನು.

ಈ ವಿವೇಕ ತಪ್ಪಿದರೆ ದೊಡ್ಡವರೂ ಎಡವುತ್ತಾರೆ. ಜರ್ಮನಿಯ ಲಿಡ್ಲ್ ಎಂಬ ಅಂಗಡಿಗಳ ಸಂಸ್ಥೆಯು 2011ರಲ್ಲಿ ಸ್ಯಾಪ್ ತಂತ್ರಾಂಶವನ್ನು ಅಳವಡಿಸಲು ತೊಡಗಿತು. ಸರಕಿನ ಬೆಲೆಯನ್ನು ಕೊಂಡ ದರದಲ್ಲಿ ಲೆಕ್ಕವಿಡುವುದು ಆ ಸಂಸ್ಥೆಯ ರೂಢಿ. ತಂತ್ರಾಂಶದ ರೂಢಿಯೋ ಮಾರುವ ದರದ್ದು. ಸಂಸ್ಥೆಯು ತನ್ನ ರೂಢಿಯನ್ನು ಬಿಡಲೊಪ್ಪದೆ ತಂತ್ರಾಂಶವನ್ನೇ ತಿದ್ದಿಸುತ್ತ ಹೋಯಿತೆಂದೂ, ತಿದ್ದುಪಡಿಗಳ ಭಾರವೇ ಕಾರ್ಯವನ್ನು ಕುಗ್ಗಿಸಿತೆಂದೂ ಅಲ್ಲಿನ ಪತ್ರಿಕೆಗಳು ಬರೆದವು. ಸುಮಾರು 50 ಕೋಟಿ ಯೂರೋ ವ್ಯಯವಾದ ಮೇಲೆ 2018ರಲ್ಲಿ ಆ ಉದ್ಯಮವನ್ನೇ ಕೈಬಿಡಲಾಯಿತು. ಹಳೆಯ ರೂಢಿಯೊಂದು ನಿಜವಾದ ಅಗತ್ಯವೋ, ಬರಿಯ ಅಭ್ಯಾಸವೋ ಎಂಬ ಪ್ರಶ್ನೆಗೆ ಆರಂಭದಲ್ಲಿಯೇ ಉತ್ತರ ಕಂಡುಕೊಳ್ಳದವರು ಕಡೆಗೆ ಎಷ್ಟು ತೆರಬೇಕಾಗುವುದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಇನ್ನೊಂದು ಮಾತು. ಪಟ್ಟಿ ಬರೆಯುವ ಸಭೆಯಲ್ಲಿ ಮೇಲಧಿಕಾರಿಗಳಿರುತ್ತಾರೆ. ದಿನವೆಲ್ಲ ಆ ತಂತ್ರಾಂಶದ ಮುಂದೆ ಕುಳಿತು ಬೆರಳು ಸವೆಸುವ ಗುಮಾಸ್ತನೂ ಉಗ್ರಾಣಿಯೂ ಇರುವುದಿಲ್ಲ. ಆದಕಾರಣವೇ ವರ್ಷಕ್ಕೊಮ್ಮೆ ನೋಡುವ ಬಣ್ಣದ ನಕ್ಷೆಯು ಮೊದಲ ಸಾಲಿಗೂ, ಗಂಟೆಗೊಮ್ಮೆ ಮಾಡುವ ರಶೀದಿಯು ಕಡೆಯ ಸಾಲಿಗೂ ಬೀಳುತ್ತವೆ. ಮೊಫಸ್ಸಲಿನ ವರ್ತಕನಿಗೆ ಓದಲು ಬರುವ ಕನ್ನಡದ ರಶೀದಿಯಂತೂ ‘ಮುಂದೆ ನೋಡೋಣ’ ಎಂಬ ಮೂಲೆಗೆ ಸೇರುತ್ತದೆ. ಜಗತ್ತಿಗೆ ತಂತ್ರಾಂಶ ಬರೆದುಕೊಡುವ ಬೆಂಗಳೂರಿಗೆ ಇದು ಶೋಭೆಯಲ್ಲ.

ಟೆಂಡರು ಕರೆಯುವ ಅಧಿಕಾರಿಗಳಲ್ಲಿಯೂ ವರ್ತಕ ಮಹಾಶಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ: ಪ್ರತಿಯೊಂದು ಬೇಡಿಕೆಯ ಮುಂದೆಯೂ ‘ಇದಿಲ್ಲದೆ ಮೊದಲ ದಿನ ಬಾಗಿಲು ತೆರೆಯಬಹುದೆ?’ ಎಂದು ಕೇಳಿರಿ. ತೆರೆಯಬಹುದಾದರೆ ಅದು ಎರಡನೆಯ ಸರದಿಯದು; ಆ ಸರದಿಯ ದಿನವನ್ನೂ ಹಣವನ್ನೂ ಅಂದೇ ಗೊತ್ತುಮಾಡಿರಿ. ಕೊಟ್ಟ ಮಾತು ನಡೆಯುವುದೆಂದು ಕಂಡರೆ ಮುಂದಿನ ಎಲೆಗೆ ನುಗ್ಗುವವರು ತಾವಾಗಿಯೇ ಕಡಿಮೆಯಾಗುವರು.