ಹಳೆಯ ದನಿಗೆ ಹೊಸ ಹಾಡು ಬೇಕು

2002ರಲ್ಲಿ ಸ್ವೀಡನ್ನಿನ ಬ್ಲಡ್‌ಬಾತ್ ತಂಡ ‘ರೆಸರೆಕ್ಷನ್ ಥ್ರೂ ಕಾರ್ನೇಜ್’ ಎಂಬ ತನ್ನ ಮೊದಲ ಆಲ್ಬಮ್ ಹೊರತಂದಿತು. ಅದರ ದನಿ ಹನ್ನೆರಡು ವರ್ಷ ಹಳೆಯದು, ಹಾಡುಗಳು ಮಾತ್ರ ಹೊಚ್ಚ ಹೊಸವು. ಆ ಆಲ್ಬಮ್ ಬಂದು ಎರಡು ದಶಕ ದಾಟಿದೆ. ಒಂದು ಸಂಗೀತ ಹೇಗೆ ಹುಟ್ಟಿತು, ಹೇಗೆ ಮಂಕಾಯಿತು, ಹೇಗೆ ಮತ್ತೆ ಎದ್ದು ನಿಂತಿತು ಎಂಬುದನ್ನು ತಿರುಗಿ ನೋಡಿದರೆ ಕಲ್ಯಾಣ ಕರ್ನಾಟಕದ ಆಳಂದ, ಅಫಜಲಪುರ, ಜೇವರ್ಗಿಯ ಹಾಡುಗಾರರಿಗೂ ಅದರಲ್ಲಿ ಕಲಿಯುವುದಿದೆ.

ಗಿಟಾರಿನ ಶ್ರುತಿಯನ್ನು ತೀರ ಕೆಳಗಿಳಿಸಿ, ಡ್ರಮ್ಮನ್ನು ಬಿರುಸಿಗೆ ಏರಿಸಿ, ಗಾಯಕ ಗಂಟಲ ಆಳದಿಂದ ಗುಡುಗುವ ಸಂಗೀತ ಡೆತ್ ಮೆಟಲ್. ಸಾವು, ಕೊಳೆಯುವ ದೇಹ, ಯುದ್ಧ ಇವೇ ಅದರ ವಸ್ತು. 1980ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಪ್ರಕಾರಕ್ಕೆ ಸ್ಟಾಕ್‌ಹೋಮಿನ ಹದಿಹರೆಯದ ಹುಡುಗರು ಬೇರೆಯದೇ ಬಣ್ಣ ಕೊಟ್ಟರು. 1987ರಲ್ಲಿ ಕೂಡಿದ ನಿಹಿಲಿಸ್ಟ್ ತಂಡ ಎರಡೇ ವರ್ಷದಲ್ಲಿ ಒಡೆಯಿತು. ಅದರಿಂದ ಹುಟ್ಟಿದ ಎಂಟೂಮ್ಡ್ 1990ರಲ್ಲಿ ‘ಲೆಫ್ಟ್ ಹ್ಯಾಂಡ್ ಪಾತ್’ ತಂದಿತು. ಮರುವರ್ಷ ಡಿಸ್ಮೆಂಬರ್, ಗ್ರೇವ್, ಅನ್‌ಲೀಶ್ಡ್ ತಂಡಗಳ ಮೊದಲ ಆಲ್ಬಮ್‌ಗಳು ಒಂದರ ಹಿಂದೊಂದು ಬಂದವು.

ಆ ದನಿಯ ಗುಟ್ಟು ಒಂದು ಪುಟ್ಟ ಪೆಟ್ಟಿಗೆಯಲ್ಲಿತ್ತು. ಜಪಾನಿನ ಬಾಸ್ ಕಂಪನಿ 1983ರಲ್ಲಿ ಎಚ್‌ಎಂ-2 ಎಂಬ, ಕಾಲಿನಿಂದ ಒತ್ತುವ ಗಿಟಾರ್ ಪೆಡಲ್ ಮಾರುಕಟ್ಟೆಗೆ ಬಿಟ್ಟಿತ್ತು. ಅದರ ಮೇಲೆ ನಾಲ್ಕು ತಿರುಪುಗಳು. ಗಿಟಾರ್ ಬಲ್ಲವರು ಅವನ್ನು ಹದವಾಗಿ ತಿರುಗಿಸುತ್ತಾರೆ. ಸ್ಟಾಕ್‌ಹೋಮಿನ ಹುಡುಗರು ನಾಲ್ಕನ್ನೂ ಕೊನೆಯ ತನಕ ತಿರುಗಿಸಿಬಿಟ್ಟರು. ಮರ ಕೊಯ್ಯುವ ಯಂತ್ರದಂಥ ಗರಗರ ಹೊರಟಿತು. ಸನ್‌ಲೈಟ್ ಸ್ಟುಡಿಯೋದ ತೋಮಾಸ್ ಸ್ಕೋಗ್ಸ್‌ಬೆರ್ಗ್ ಆ ಒರಟುತನವನ್ನು ಉಜ್ಜಿ ನಯಗೊಳಿಸಲಿಲ್ಲ, ಇದ್ದಂತೆಯೇ ಟೇಪಿಗೆ ಇಳಿಸಿದರು. ಎಲ್ಲರೂ ತಪ್ಪು ಎನ್ನಬಹುದಾಗಿದ್ದ ಸದ್ದು ಒಂದು ನಗರದ ಗುರುತಾಯಿತು.

ಇದರ ಹಿಂದೆ ಹುಡುಗರ ಹುಮ್ಮಸ್ಸು ಮಾತ್ರ ಇರಲಿಲ್ಲ. ಸ್ವೀಡನ್ನಿನಲ್ಲಿ ಪೌರಸಂಸ್ಥೆಗಳೇ ಮಕ್ಕಳಿಗೆ ಸಂಗೀತ ಶಾಲೆ ನಡೆಸುತ್ತವೆ. ಸರ್ಕಾರದ ನೆರವು ಪಡೆಯುವ ಜನಶಿಕ್ಷಣ ಸಂಘಗಳು ಯುವಕರ ತಂಡಗಳಿಗೆ ತಾಲೀಮಿನ ಕೋಣೆ ಒದಗಿಸುತ್ತವೆ. ಏನು ಹಾಡುತ್ತೀರಿ, ಯಾಕೆ ಹಾಡುತ್ತೀರಿ ಎಂದು ಕೇಳದೆ ಸಿಕ್ಕ ಕೋಣೆ ಅದು. ಅಲ್ಲಿ ತಯಾರಾದ ಡೆಮೊ ಕ್ಯಾಸೆಟ್‌ಗಳು ಅಂಚೆಯಲ್ಲಿ ದೇಶದೇಶ ಸುತ್ತಿದವು.

ಅಲೆ ಬೇಗ ಇಳಿಯಿತು. 1993ರ ‘ವುಲ್ವರೀನ್ ಬ್ಲೂಸ್’ ಹೊತ್ತಿಗೆ ಎಂಟೂಮ್ಡ್ ತಂಡವೇ ರಾಕ್ ಕಡೆಗೆ ಹೊರಳಿತು. 1995ರಲ್ಲಿ ಗೋಥೆನ್‌ಬರ್ಗ್ ನಗರದ ಅಟ್ ದ ಗೇಟ್ಸ್, ಡಾರ್ಕ್ ಟ್ರಾಂಕ್ವಿಲಿಟಿ ತಂಡಗಳ ಇಂಪು ಬೆರೆತ ಶೈಲಿ ಮುಂದಕ್ಕೆ ಬಂತು. ಸ್ಟಾಕ್‌ಹೋಮಿನ ಗರಗರ ಹಳತಾಯಿತು. ಬಾಸ್ ಕಂಪನಿ ಎಚ್‌ಎಂ-2 ತಯಾರಿಕೆಯನ್ನು 1991ರಲ್ಲೇ ನಿಲ್ಲಿಸಿತ್ತು.

ಇಂಥ ಹೊತ್ತಿನಲ್ಲಿ ಓಪೆತ್ ತಂಡದ ಮಿಕೇಲ್ ಓಕರ್‌ಫೆಲ್ಟ್, ಕಟಟೋನಿಯಾದ ಆಂಡರ್ಸ್ ನೀಸ್ಟ್ರಮ್ ಮತ್ತು ಯೂನಾಸ್ ರೆಂಕ್ಸೆ, ಇವರೊಂದಿಗೆ ಡಾನ್ ಸ್ವಾನೋ ಸೇರಿ ಬ್ಲಡ್‌ಬಾತ್ ಕಟ್ಟಿದರು. ಅಷ್ಟರಲ್ಲಿ ಅವರೆಲ್ಲ ಬೇರೆ ಶೈಲಿಗಳಲ್ಲಿ ಹೆಸರು ಮಾಡಿದ್ದರು. ಹಿಂದಿರುಗುವ ಅಗತ್ಯ ಯಾರಿಗೂ ಇರಲಿಲ್ಲ, ಪ್ರೀತಿ ಇತ್ತು. ಎಂಟ್ರೈಲ್ಸ್ ಎಂಬ ಇನ್ನೊಂದು ತಂಡದ ಕಥೆ ಮನಸ್ಸನ್ನು ಇನ್ನಷ್ಟು ತಟ್ಟುತ್ತದೆ. 1990ರಲ್ಲೇ ಶುರುವಾಗಿ, ಆಲ್ಬಮ್ ಕಾಣದೆ ಚದುರಿಹೋಗಿ, ಮತ್ತೆ ಕೂಡಿದ ಆ ತಂಡ ತನ್ನ ಮೊದಲ ಆಲ್ಬಮ್ ‘ಟೇಲ್ಸ್ ಫ್ರಮ್ ದ ಮಾರ್ಗ್’ ತಂದದ್ದು 2010ರಲ್ಲಿ. ಇಪ್ಪತ್ತು ವರ್ಷ ತಡವಾದರೂ ಕೇಳುಗರು ಕೈಬಿಡಲಿಲ್ಲ. ಮುಂದೆ ಬೇರೆ ದೇಶಗಳ ತಂಡಗಳೂ ಇದೇ ದಾರಿ ಹಿಡಿದವು. 2021ರಲ್ಲಿ ಬಾಸ್ ಕಂಪನಿ ಆ ಪೆಡಲನ್ನು ಮತ್ತೆ ತಯಾರಿಸಿತು.

ಲಾಭದ ಜೊತೆ ನಷ್ಟವನ್ನೂ ಬರೆದಿಡಬೇಕು. ಈ ಪುನರುತ್ಥಾನದಲ್ಲಿ ಬರೀ ನಕಲು ಹೇರಳವಾಗಿ ಬಂತು. ಅದೇ ಪೆಡಲ್, ಅದೇ ಹೊದಿಕೆ ಚಿತ್ರ, ಅದೇ ಮಾತು. ಉಳಿದುಕೊಂಡವರು ಹಳೆಯ ದನಿಯೊಳಗೆ ತಮ್ಮದೇ ಹಾಡು ಕಟ್ಟಿದವರು. ಹಳೆಯ ಹಾಡನ್ನು ಮತ್ತೆ ಹಾಡಿದರೆ ಅದು ಉಳಿಯುತ್ತದೆ, ಹಳೆಯ ದನಿಯಲ್ಲಿ ಹೊಸತು ಕಟ್ಟಿದರೆ ಬೆಳೆಯುತ್ತದೆ. ಎರಡು ದಶಕಗಳ ಲೆಕ್ಕದಲ್ಲಿ ನನಗೆ ಕಾಣುವ ಫಲಿತಾಂಶ ಇದು.

ಕರ್ನಾಟಕದಲ್ಲೂ ಈ ಮಾತಿಗೆ ಸಾಕ್ಷಿ ಇದೆ. 1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಡೈಯಿಂಗ್ ಎಂಬ್ರೇಸ್ ತಂಡ ಡೆತ್ ಮೆಟಲ್ ಮತ್ತು ನಿಧಾನ ಲಯದ ಡೂಮ್ ಶೈಲಿಗಳನ್ನು ಬೆರೆಸಿ ಹಾಡುತ್ತಿತ್ತು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ 2004ರಲ್ಲಿ ‘ಸ್ಪೈರಲ್ ಅಸೆಂಟ್’ ತಂದು, 1980ರ ದಶಕದ ಹೆವಿ ಮೆಟಲ್ ದಾರಿಯನ್ನೇ ಹಿಡಿದು ಯುರೋಪಿನ ವೇದಿಕೆಗಳವರೆಗೆ ನಡೆಯಿತು. 2012ರಲ್ಲಿ ಬೇವರ್ ಸೀ ತಂಡದ ಮೊದಲ ಆಲ್ಬಮ್ 1970ರ ದಶಕದ ನಿಧಾನ ಲಯದ ಭಾರವಾದ ನಾದವನ್ನು ಮತ್ತೆ ಕೇಳಿಸಿತು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಹಾಡಿದ್ದು ದೊಡ್ಡ ಸುದ್ದಿಯಾಯಿತು. ಇಲ್ಲಿಯವೇ ಆದ ಆ ಮೂರು ತಂಡಗಳ ವರ್ಷಗಟ್ಟಲೆಯ ದುಡಿಮೆಗೆ ಅಂಥ ಸುದ್ದಿ ಸಿಗಲಿಲ್ಲ. ಅವರ ಹಾಡುಗಳು ಬಹುಪಾಲು ಇಂಗ್ಲಿಷಿನವು. ಕನ್ನಡದ ಕಂಠ ಈ ನಾದಕ್ಕೆ ಇನ್ನೂ ಪೂರ್ತಿ ಒಗ್ಗಿಲ್ಲ.

ಇನ್ನು ನಮ್ಮ ಸೀಮೆ. ಆಳಂದದಿಂದ ಬರುವ ಅಮರ್ಜಾ ಅಫಜಲಪುರದ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ, ಭೀಮೆ ಜೇವರ್ಗಿಯತ್ತ ಹರಿಯುತ್ತದೆ. ಸಾವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಹಾಡು ಈ ನೆಲಕ್ಕೆ ಹೊಸದಲ್ಲ. ಅಫಜಲಪುರದ ಬಿದನೂರಿನಲ್ಲಿ ಹುಟ್ಟಿದ ಮಡಿವಾಳಪ್ಪನವರು ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದಲ್ಲಿ ನೆಲೆಸಿ, ದೇಹದ ನಶ್ವರತೆಯನ್ನೂ ಜಾತಿಯ ಪೊಳ್ಳನ್ನೂ ತತ್ವಪದಗಳಲ್ಲಿ ಬಿಚ್ಚಿಟ್ಟರು. ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು ಅವರ ಶಿಷ್ಯರು. ಅಲಾಯಿ (ಮೊಹರಂ) ಹಬ್ಬದ ರಿವಾಯತ ಪದಗಳು ಕರ್ಬಲಾದ ಕಾಳಗವನ್ನು, ಹಸನ್ ಹುಸೇನರ ಸಾವನ್ನು ಕನ್ನಡದಲ್ಲೇ ಹೇಳಿ ಅಳಿಸುತ್ತವೆ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ.

ತತ್ವಪದದ ಭಜನಿಯಲ್ಲಿ ಏಕತಾರಿಯ ಒಂದೇ ತಂತಿ ಬಿಡದೆ ಮಿಡಿಯುತ್ತಿರುತ್ತದೆ, ದಮ್ಮಡಿ ಒಣಗಿದ ಸದ್ದಿನಲ್ಲಿ ಲಯ ಹಿಡಿಯುತ್ತದೆ, ಮುಂದಿನವ ಒಂದು ನುಡಿ ಎತ್ತಿದರೆ ಹಿಂದಿನವರು ಅದನ್ನು ಗಟ್ಟಿ ದನಿಯಲ್ಲಿ ಹಿಡಿದೆಳೆಯುತ್ತಾರೆ. ಒಡೆದ ಕಂಠ, ಏರಿದ ಉಸಿರು ಇಲ್ಲಿ ದೋಷವಲ್ಲ, ಹಾಡಿನ ಜೀವ. ಧ್ವನಿಮುದ್ರಣಕ್ಕೆ ಹೋದಾಗ ಈ ಜೀವವೇ ಮೊದಲು ಹೋಗುತ್ತದೆ. ಏಕತಾರಿಯ ಜಾಗಕ್ಕೆ ಕೀಬೋರ್ಡ್, ದಮ್ಮಡಿಯ ಜಾಗಕ್ಕೆ ರಿದಮ್ ಪ್ಯಾಡ್ ಬಂದು ಕೂತಿವೆ. ಸ್ಕೋಗ್ಸ್‌ಬೆರ್ಗ್ ಉಳಿಸಿಕೊಂಡ ಒರಟನ್ನು ನಮ್ಮ ಸ್ಟುಡಿಯೋಗಳು ಒರೆಸಿ ಹಾಕುತ್ತಿವೆ. ಅಲಾಯಿಗೆ ಹೊಸ ಪದ ಕಟ್ಟುವವರು ಇದ್ದಾರೆ. ಭಜನಿಯಲ್ಲಿ ಮಾತ್ರ ನಾವು ಬಹುಮಟ್ಟಿಗೆ ಹಳೆಯ ಪದಗಳ ಮೇಲೆಯೇ ಬದುಕುತ್ತಿದ್ದೇವೆ. ಬರ, ಗುಳೆ, ಸಾಲ, ತೊಗರಿಯ ದರ ಇವು ಇಂದಿನ ತತ್ವಪದಕ್ಕೆ ವಸ್ತುವಾಗಬಾರದೇಕೆ?

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ತಾಲೀಮಿನ ಕೋಣೆ ಬೇಕು. ಭಜನಿ ಮೇಳಕ್ಕೂ ಗಿಟಾರ್ ಹಿಡಿದ ಕಾಲೇಜು ಹುಡುಗರಿಗೂ ಅದರ ಬಾಗಿಲು ಸಮನಾಗಿ ತೆರೆದಿರಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ಭಾರವಾಗುವ ಖರ್ಚಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಊರ ಹಾಡುಗಾರರನ್ನು ಅವರದೇ ವಾದ್ಯ, ಅವರದೇ ಕಂಠದೊಂದಿಗೆ ಧ್ವನಿಮುದ್ರಿಸುವ ಹೊಣೆಯನ್ನು ಅದು ಹೊರಬಹುದು. ಹೊಸ ಪದ ಕಟ್ಟುವ ಹೊಣೆ ಹಾಡುಗಾರರದು, ಕೊಂಡು ಕೇಳುವ ಹೊಣೆ ನಮ್ಮದು. ಎಂಟ್ರೈಲ್ಸ್ ತಂಡ ಮೊದಲ ಆಲ್ಬಮ್ಮಿಗೆ ಇಪ್ಪತ್ತು ವರ್ಷ ಕಾಯಿತು. ಈ ಸೀಮೆಯ ಹಾಡುಗಾರರು ಅದಕ್ಕಿಂತ ಹೆಚ್ಚು ಕಾದಿದ್ದಾರೆ. ಅವರನ್ನು ಇನ್ನೂ ಕಾಯಿಸುವುದು ನ್ಯಾಯವಲ್ಲ.